ಬೆನ್ನ ಮೇಲಿನ ಬಾಸುಂಡೆ: ಯಾರಿಗೆ ತಿಳಿಸಬೇಕು?



ಗುರುದೀಕ್ಷೆ ಪಡೆದ ಹೊಸತರಲ್ಲಿ ನಾನು ಗೋಪಿನಾಥಂ ಕಡೆಯ ಒಂದು ಹಳ್ಳಿಗೆ ಧರ್ಮೋಪದೇಶ ನೀಡಲು ಹೋಗುತ್ತಿದ್ದೆ. ತರಗತಿಯಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬ ಗೋಡೆಗೆ ಒರಗದೆ ಮುಂದಕ್ಕೆ ಬಾಗಿಯೇ ಕೂರುತ್ತಿದ್ದ. ಅಂಗಿ ಎತ್ತಿ ನೋಡಿದರೆ ಬೆನ್ನ ತುಂಬಾ ಬಾಸುಂಡೆ. ತಂದೆತಾಯಿ ಕಲ್ಲು ಕ್ವಾರಿಯ ಕೆಲಸಕ್ಕೆ ಹೋಗಿದ್ದರು. ಹುಡುಗ ಚಿಕ್ಕಪ್ಪನ ಮನೆಯಲ್ಲಿದ್ದ. ಅಜ್ಜಿ ನನ್ನ ಕೈ ಹಿಡಿದು, "ಸಾಮಿ, ಟೇಸನ್‌ಗೆ ಮಾತ್ರ ಹೇಳ್ಬ್ಯಾಡಿ. ನೀವೇ ಬುದ್ಧಿ ಹೇಳಿ" ಎಂದರು. ಹೇಳಿದೆ. ಚಿಕ್ಕಪ್ಪ ಶಿಲುಬೆಯ ಮುಂದೆ ನಿಂತು, ಇನ್ನು ಕೈ ಎತ್ತುವುದಿಲ್ಲವೆಂದು ಆಣೆ ಇಟ್ಟ. ದೊಡ್ಡ ಕೆಲಸ ಮಾಡಿದೆನೆಂಬ ಸಮಾಧಾನದಿಂದ ಹಿಂತಿರುಗಿದೆ. ಮೂರು ವಾರ ಬಿಟ್ಟು ಹೋದಾಗ ಹುಡುಗ ಇರಲಿಲ್ಲ. ಯಾವನೋ ಮೇಸ್ತ್ರಿಯ ಜೊತೆ ಕೆಲಸಕ್ಕೆ ಕಳುಹಿಸಿದ್ದರು. ಎಲ್ಲಿಗೆಂದು ಯಾರೂ ಬಾಯಿ ಬಿಡಲಿಲ್ಲ. ನನ್ನ ಬುದ್ಧಿಮಾತಿನಿಂದ ಆದದ್ದು ಇಷ್ಟೇ: ಆ ಬೆನ್ನು ನನ್ನ ಕಣ್ಣಿಗೆ ಬೀಳದಂತಾಯಿತು.

ಅಜ್ಜಿಯ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಗೋಪಿನಾಥಂ ವೀರಪ್ಪನ್ ಹುಟ್ಟಿದ ಊರು. ಅವನನ್ನು ಹಿಡಿಯಲು ಎರಡು ರಾಜ್ಯಗಳ ಕಾರ್ಯಪಡೆ ಈ ಕಾಡಿಗೆ ಇಳಿದಾಗ ವಿಚಾರಣೆಯ ಹೆಸರಿನಲ್ಲಿ ಸುತ್ತಲಿನ ಹಳ್ಳಿಗರು ಹಿಂಸೆ ಅನುಭವಿಸಿದ ದೂರುಗಳು ಬಂದವು. 1999ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯನ್ನು ನೇಮಿಸಿತು; 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡುವಂತೆ ಆಯೋಗ ಹೇಳಿತು. ಇಂಥ ನೆನಪುಳ್ಳ ಮನೆಯಲ್ಲಿ ಖಾಕಿ ಕಂಡರೆ ಬಾಗಿಲು ಮುಚ್ಚುವುದು ಸಹಜ. ಆದರೆ ದೊಡ್ಡವರ ಆ ಭಯದ ಮರೆಯಲ್ಲಿ ಇಂದು ಮಗುವನ್ನು ಹೊಡೆಯುವವನು ನಿಶ್ಚಿಂತೆಯಿಂದ ಇದ್ದಾನೆ.

ಆದ್ದರಿಂದ ಮೊದಲು ಒಂದು ಸಂಗತಿ ತಿಳಿದಿರಲಿ. ಮಗುವಿನ ಕಷ್ಟ ತಿಳಿಸಲು ಠಾಣೆಯ ಮೆಟ್ಟಿಲು ಹತ್ತಲೇಬೇಕೆಂದಿಲ್ಲ. 1098 ಎಂಬ ಸಂಖ್ಯೆಗೆ ಹಗಲಾಗಲಿ ರಾತ್ರಿಯಾಗಲಿ ಖರ್ಚಿಲ್ಲದೆ ಕರೆ ಮಾಡಬಹುದು. 1996ರಲ್ಲಿ ಮುಂಬೈಯಲ್ಲಿ ಆರಂಭವಾದ ಈ ಸಹಾಯವಾಣಿಯನ್ನು ಬಹುಕಾಲ ಸ್ವಯಂಸೇವಾ ಸಂಸ್ಥೆಗಳು ನಡೆಸಿದವು. 2023ರಿಂದ ಸರ್ಕಾರವೇ ವಹಿಸಿಕೊಂಡಿದೆ. ನಿಮ್ಮ ಹೆಸರು ಹೇಳಲು ಇಷ್ಟವಿಲ್ಲದಿದ್ದರೆ ಬೇಡ. ಮಗು ಎಲ್ಲಿದೆ, ವಯಸ್ಸೆಷ್ಟು, ನೀವು ಕಂಡದ್ದೇನು, ಈ ಹೊತ್ತಿನಲ್ಲೇ ಅಪಾಯವಿದೆಯೇ ಎಂಬುದನ್ನು ಹೇಳಿದರೆ ಸಾಕು. ಸಾಕ್ಷಿ ಹುಡುಕುವುದು ನಿಮ್ಮ ಕೆಲಸವಲ್ಲ, ನನ್ನದೂ ಅಲ್ಲ. ಅಂದು ನಾನು ಚಿಕ್ಕಪ್ಪನನ್ನು ಕರೆದು ವಿಚಾರಿಸಿದ್ದೇ ತಪ್ಪಾಯಿತು. ಹುಡುಗನನ್ನು ಸಾಗಹಾಕಲು ಅವನಿಗೆ ಮುನ್ಸೂಚನೆ ಕೊಟ್ಟಂತಾಯಿತು.

ಮುಂದೆ ವಿಷಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರುತ್ತದೆ. 2015ರ ಬಾಲನ್ಯಾಯ ಕಾಯ್ದೆಯಂತೆ ಜಿಲ್ಲೆಗೊಂದರಂತೆ ಇರುವ ಈ ಸಮಿತಿಯಲ್ಲಿ ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುತ್ತಾರೆ. ಅವರಲ್ಲಿ ಒಬ್ಬರಾದರೂ ಮಹಿಳೆ. ರಕ್ಷಿಸಿದ ಮಗುವನ್ನು 24 ಗಂಟೆಯೊಳಗೆ ಸಮಿತಿಯ ಎದುರು ಕರೆತರಬೇಕು, ಆದರೆ ಪ್ರಯಾಣದ ಹೊತ್ತು ಆ ಲೆಕ್ಕಕ್ಕೆ ಸೇರದು. ಗೋಪಿನಾಥಂನಿಂದ ಚಾಮರಾಜನಗರಕ್ಕೆ ನೂರು ಕಿಲೋಮೀಟರಿಗೂ ಹೆಚ್ಚಿರುವುದರಿಂದ ಈ ಮಾತು ನಮಗೆ ಮುಖ್ಯ. ಸಮಿತಿ ಸೇರದ ದಿನ ಒಬ್ಬ ಸದಸ್ಯರ ಮುಂದೆಯೂ ಹಾಜರುಪಡಿಸಬಹುದು. ಬಳಿಕ ಮನೆಯ ಪರಿಸ್ಥಿತಿಯ ವಿಚಾರಣೆ ನಡೆಯುತ್ತದೆ.

"ದೂರು ಕೊಟ್ಟರೆ ಮಗುವನ್ನು ಕಿತ್ತುಕೊಂಡು ಹೋಗುತ್ತಾರೆ" ಎಂಬ ಮಾತನ್ನು ನಮ್ಮಲ್ಲಿ ಬಹಳ ಕೇಳುತ್ತೇನೆ. ಕಾನೂನು ಹೇಳುವುದು ಇದಕ್ಕೆ ವಿರುದ್ಧ: ಮೊದಲು ಕುಟುಂಬ, ಬೇರೆ ದಾರಿಯೇ ಇಲ್ಲದಾಗ ಮಾತ್ರ ಬಾಲಮಂದಿರ. ಬಡತನ ಅಪರಾಧವಲ್ಲ. ಕೂಲಿಗೆ ಹೋದ ಮಗ ಸೊಸೆ ಬಿಟ್ಟುಹೋದ ಮೂರು ಮಕ್ಕಳನ್ನು ಗಂಜಿ ಹಾಕಿ ಸಾಕುವ ಅಜ್ಜಿಯನ್ನು ಯಾರೂ ಶಿಕ್ಷಿಸುವುದಿಲ್ಲ. ಅಂಥ ಮನೆಗಾಗಿಯೇ ಕೇಂದ್ರದ ಮಿಷನ್ ವಾತ್ಸಲ್ಯದಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವದ ನೆರವಿದೆ. ಹಳ್ಳಿಯಲ್ಲಿ ಕುಟುಂಬದ ವಾರ್ಷಿಕ ಆದಾಯ 72,000 ಮೀರಿರಬಾರದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಬೇಕು. ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ?

ಲೈಂಗಿಕ ದೌರ್ಜನ್ಯದ ಮಾತು ಬೇರೆ. ಅಲ್ಲಿ ತಿಳಿಸುವುದು ನಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. 2012ರ ಪೋಕ್ಸೊ ಕಾಯ್ದೆಯಂತೆ, ಹದಿನೆಂಟು ತುಂಬದ ಮಗುವಿನ ಮೇಲೆ ಇಂಥ ಕೃತ್ಯ ನಡೆದಿದೆಯೆಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟವರಿಗೆ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಕೃತ್ಯ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸೆರೆವಾಸವಾಗಬಹುದು. ಸದ್ಭಾವನೆಯಿಂದ ತಿಳಿಸಿದವರ ಮೇಲೆ ಮಾತ್ರ ಕ್ರಮವಿಲ್ಲ. ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಅದು ಬಯಸಿದ ಕಡೆ, ಸಮವಸ್ತ್ರ ಧರಿಸದೆ, ಆದಷ್ಟೂ ಮಹಿಳಾ ಸಬ್‌ಇನ್‌ಸ್ಪೆಕ್ಟರರೇ ಪಡೆಯಬೇಕು. ರಾತ್ರಿ ಯಾವ ಮಗುವನ್ನೂ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಮನೆಯಲ್ಲಿ ತಮಿಳಾಡುವ ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಬರೆದದ್ದು ಅರ್ಥವಾಗದಿದ್ದರೆ ಭಾಷಾಂತರಕಾರರನ್ನು ಕೊಡಬೇಕು. ಪೊಲೀಸರು 24 ಗಂಟೆಯೊಳಗೆ ವಿಷಯವನ್ನು ಸಮಿತಿಗೂ ನ್ಯಾಯಾಲಯಕ್ಕೂ ತಿಳಿಸಬೇಕು. ಊರ ಹಿರಿಯರು ಅರಳಿಕಟ್ಟೆಯಲ್ಲಿ ದಂಡ ಹಾಕಿಸಿ ಮುಗಿಸುವುದು, ಅವನಿಗೇ ಹುಡುಗಿಯನ್ನು ಕಟ್ಟುವುದು, ಇವೆಲ್ಲ ಕಾನೂನಿನ ಮುಂದೆ ನಿಲ್ಲುವುದಿಲ್ಲ.

ಬರೆದದ್ದೆಲ್ಲ ಹಾಗೆಯೇ ನಡೆಯುತ್ತದೆಂದು ನಾನು ಹೇಳಲಾರೆ. "ನಾಳೆ ಬನ್ನಿ" ಎಂಬ ಮಾತು ನಮ್ಮ ಕಚೇರಿಗಳಿಗೆ ಹೊಸದಲ್ಲ. ಆದ್ದರಿಂದ ಕರೆ ಮಾಡಿದ ದಿನ, ಹೊತ್ತು ಬರೆದಿಡಿ. ಠಾಣೆಯಲ್ಲಿ ಕೊಟ್ಟ ಪೋಕ್ಸೊ ಮಾಹಿತಿಗೆ ನಮೂದು ಸಂಖ್ಯೆ ಇರುತ್ತದೆ, ಅದನ್ನು ಕೇಳಿ ಪಡೆಯಿರಿ. ವಾರ ಕಳೆದರೂ ಯಾರೂ ಬಾರದಿದ್ದರೆ ಮತ್ತೆ ಕೇಳಿ.

ಇನ್ನು ನಮ್ಮ ಮಠ, ಗುಡಿ, ಶಾಲೆಗಳ ವಿಷಯ. ತಪ್ಪು ಮಾಡಿದವನು ಗುರುವೇ ಆಗಿದ್ದರೆ? ದಿವಂಗತ ಪೋಪ್ ಫ್ರಾನ್ಸಿಸರು 2019ರ ಮೇ 7ರಂದು ಹೊರಡಿಸಿ, 2023ರಲ್ಲಿ ಸ್ಥಿರಪಡಿಸಿದ ಆಜ್ಞೆಯಲ್ಲಿ, ಇಂಥದ್ದು ತಿಳಿದ ಗುರುಗಳೂ ಧರ್ಮಭಗಿನಿಯರೂ ಧರ್ಮಾಧಿಕಾರಿಗಳಿಗೆ ವರದಿ ಮಾಡಲೇಬೇಕೆಂದು ವಿಧಿಸಿದ್ದಾರೆ. ದೂರು ಕೊಟ್ಟವರ ಬಾಯಿಗೆ ಬೀಗ ಹಾಕುವಂತಿಲ್ಲ. ಧರ್ಮಾಧ್ಯಕ್ಷರಿಗೆ ಹೇಳಿದರೆ ಪೊಲೀಸರಿಗೆ ಹೇಳುವ ಹೊಣೆ ತೀರಿತೆಂದೂ ಅಲ್ಲ. ನಾಡಿನ ಕಾನೂನು ಹಾಗೆಯೇ ಇರುತ್ತದೆಂದು ಅದೇ ಆಜ್ಞೆ ಹೇಳುತ್ತದೆ. ಧರ್ಮಸಭೆಯ ಮಾನ ಉಳಿಸಲೆಂದು ಸುಮ್ಮನಿದ್ದವರು, ಯೇಸುಸ್ವಾಮಿ ಬೀಸುವ ಕಲ್ಲಿನ ಮಾತನ್ನು ಆಡಿದ್ದು ಯಾರ ಕುರಿತೆಂದು ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯವನ್ನು ತೆರೆದು ನೋಡಲಿ.

ಕೊನೆಯದಾಗಿ ಒಂದು ವಿನಂತಿ. ನೆರೆಮನೆಯ ಮಗುವಿನ ನೋವನ್ನು ಕೆಲವರು ಪಾಪನಿವೇದನೆಯಲ್ಲಿ ಹೇಳಿ ಎದೆ ಹಗುರ ಮಾಡಿಕೊಂಡು ಹೋಗುತ್ತಾರೆ. ಅಲ್ಲಿ ಕೇಳಿದ್ದನ್ನು ನಾನು ಯಾರಿಗೂ, ಯಾವ ಕಾರಣಕ್ಕೂ, ಹೇಳಲಾರೆ. ಅದೇ ಮಾತನ್ನು ಪೂಜೆ ಮುಗಿದ ಮೇಲೆ ಗುರುಮನೆಯ ಜಗಲಿಗೆ ಬಂದು ಹೇಳಿ. ಫೋನು ಅಲ್ಲೇ ಇದೆ, ಇಬ್ಬರೂ ಕೂತು ಕರೆ ಮಾಡೋಣ.