ಹಸಿರು ಬಿದ್ದರೂ ನಿಲ್ಲಬೇಕು

ಬೆಂಗಳೂರಿನಲ್ಲಿ ಕಾರು ಓಡಿಸುತ್ತಾ ನಾನು ಕಲಿತದ್ದರಲ್ಲಿ ದೊಡ್ಡದು, ಹಸಿರು ದೀಪ ಬಿದ್ದಾಗಲೂ ನಿಂತಿರುವುದು. 2017ರ ಮೋಟಾರು ವಾಹನ ಚಾಲನಾ ನಿಯಮಗಳಲ್ಲೇ ಇದು ಇದೆ: ಜಂಕ್ಷನ್ನಿನ ಆಚೆ ಬದಿ ತೆರವಾಗಿಲ್ಲದಿದ್ದರೆ, ಸಿಗ್ನಲ್ ನಮ್ಮ ಪಾಲಿಗೆ ಬಂದಿದ್ದರೂ ಒಳಗೆ ನುಗ್ಗಬಾರದು. ಡ್ರೈವಿಂಗ್ ಸ್ಕೂಲಿನಲ್ಲಿ ಕ್ಲಚ್ಚು, ಗೇರು, ರಿವರ್ಸ್ ಹೇಳಿಕೊಟ್ಟರು. ಇದನ್ನು ಯಾರೂ ಹೇಳಿಕೊಡಲಿಲ್ಲ.

ಸಂಜೆ ಹೊತ್ತು ಸೌತ್ ಎಂಡ್ ಸರ್ಕಲ್ಲಿನಲ್ಲಿ ನಿಂತು ನೋಡಿ. ಎದುರಿನ ರಸ್ತೆ ತುಂಬಿ ನಿಂತಿದೆ, ಇತ್ತ ಹಸಿರು ಬಿದ್ದಿದೆ. ಮುಂದಿನ ಬಸ್ಸಿಗೆ ಅಂಟಿಕೊಂಡು ಒಂದು ಕಾರು ಒಳಗೆ ಹೋಗುತ್ತದೆ. ಬಸ್ಸು ನಟ್ಟನಡುವೆ ನಿಲ್ಲುತ್ತದೆ, ಕಾರೂ ನಿಲ್ಲುತ್ತದೆ. ಅಷ್ಟರಲ್ಲಿ ಅಡ್ಡರಸ್ತೆಯವರಿಗೆ ಹಸಿರು, ಅವರಿಗೆ ದಾರಿಯಿಲ್ಲ. ಸಂದಿಯಲ್ಲಿ ಬೈಕುಗಳು ನುಸುಳುತ್ತವೆ, ಆಟೋ ಮೂತಿ ತೂರಿಸುತ್ತದೆ, ಆಮೇಲೆ ಯಾರೂ ಹಿಂದೆ ಸರಿಯುವ ಹಾಗಿಲ್ಲ. ಹಿಂದೆಲ್ಲೋ ಆಂಬುಲೆನ್ಸ್ ಕೂಗುತ್ತಿದ್ದರೆ ಪಕ್ಕಕ್ಕೆ ಸರಿದು ಜಾಗ ಕೊಡಲು ಮನಸ್ಸಿದ್ದವರಿಗೂ ಜಾಗವೇ ಇರುವುದಿಲ್ಲ. ನಾನು ಗೆರೆಯ ಹಿಂದೆ ನಿಂತರೆ ಹಿಂದಿನವರು ಹಾರನ್ ಹೊಡೆಯುತ್ತಾರೆ. ಹೊಡೆಯಲಿ. ನಾನು ಬಿಟ್ಟ ಜಾಗದಲ್ಲೇ ಅಡ್ಡರಸ್ತೆಯವರು ಸರಾಗವಾಗಿ ದಾಟಿಹೋಗುವುದನ್ನು ಕಣ್ಣಾರೆ ಕಂಡ ಮೇಲೆ ಆ ಸದ್ದಿಗೆ ಮನಸ್ಸು ಕೆಡುವುದಿಲ್ಲ.

ಜೀಬ್ರಾ ಪಟ್ಟೆಯ ಮೇಲೆ ಕಾರು ನಿಲ್ಲಿಸುವುದು ಇದಕ್ಕಿಂತ ಕೆಟ್ಟದ್ದು. ವಯಸ್ಸಾದವರು ನಮ್ಮ ಬಾನೆಟ್ ಬಳಸಿಕೊಂಡು ನಡುರಸ್ತೆಗೆ ಇಳಿದು ದಾಟಬೇಕಾಗುತ್ತದೆ. ಸಿಗ್ನಲ್ ಇಲ್ಲದ ಪಟ್ಟೆಯಲ್ಲಂತೂ ಮೊದಲ ಹಕ್ಕು ನಡೆಯುವವರದೇ. ನಾವು ನಿಂತರೆ ಅವರು ಕೈ ಎತ್ತಿ ಥ್ಯಾಂಕ್ಸ್ ಹೇಳುತ್ತಾರೆ. ಅವರ ಹಕ್ಕಿಗೆ ಅವರೇ ಕೃತಜ್ಞತೆ ಹೇಳುವಂತಾಗಿರುವುದು ನನಗೆ ನೋವಿನ ವಿಷಯ.

ಬಾಗಿಲು ತೆರೆಯುವುದೂ ಚಾಲನೆಯ ಭಾಗವೇ. ಜಯನಗರ 4ನೇ ಬ್ಲಾಕಿನಲ್ಲಿ ರಸ್ತೆಬದಿ ನಿಲ್ಲಿಸಿದ ಕಾರಿಗೆ ಹ್ಯಾಂಡಲ್ ತಾಗುವಷ್ಟು ಹತ್ತಿರದಲ್ಲಿ ಡೆಲಿವರಿ ಹುಡುಗರು ಸಾಗುತ್ತಿರುತ್ತಾರೆ. ಬಲಗಡೆ ಕೂತ ನಮ್ಮ ಬಲಗೈ ಸಹಜವಾಗಿ ಹಿಡಿಕೆಗೆ ಹೋಗುತ್ತದೆ. ಎಡಗೈ ಚಾಚಿ ತೆರೆದು ನೋಡಿ: ಭುಜ ತಾನಾಗಿ ತಿರುಗುತ್ತದೆ, ಕಣ್ಣು ಕನ್ನಡಿಯನ್ನೂ ದಾಟಿ ಹಿಂದಿನ ರಸ್ತೆಗೆ ಹೋಗುತ್ತದೆ. ನೆದರ್ಲೆಂಡ್ಸಿನಲ್ಲಿ ಸೈಕಲ್ ಸವಾರರನ್ನು ಕಾಪಾಡಲು ರೂಢಿಯಾದ ಅಭ್ಯಾಸವಿದು, ಅಲ್ಲಿ ಚಾಲಕರು ಎಡಗಡೆ ಕೂರುವುದರಿಂದ ಬಲಗೈ ಬಳಸುತ್ತಾರೆ. ನಮ್ಮ ಮನೆಯಲ್ಲಿ ಮಕ್ಕಳಿಗೂ ಇದನ್ನೇ ರೂಢಿ ಮಾಡಿಸಿದ್ದೇವೆ.

ಇನ್ನು ಹಿಂದಿನ ಸೀಟಿನ ಬೆಲ್ಟು. "ಸೀರೆ ಮುದುಡುತ್ತೆ ಕಣೋ, ಇಲ್ಲೇ ಬಸವನಗುಡಿಗೆ ತಾನೆ" ಎಂದು ಅಮ್ಮ ಬೇಡವೆನ್ನುತ್ತಿದ್ದರು. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿಯ ಅಪಘಾತದಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡರು. ಅವರು ಕೂತಿದ್ದು ಹಿಂದಿನ ಸೀಟಿನಲ್ಲಿ, ಬೆಲ್ಟ್ ಹಾಕಿರಲಿಲ್ಲವೆಂದು ಪೊಲೀಸರು ಹೇಳಿದರು. ಆ ಸುದ್ದಿ ಓದಿದ ಮೇಲೆ ಅಮ್ಮ ವಾದ ಮಾಡಲಿಲ್ಲ. ಎಲ್ಲರ ಬೆಲ್ಟೂ ಬಿಗಿಯಾಗದೆ ನಾನು ಗಾಡಿ ತೆಗೆಯುವುದಿಲ್ಲ.

ಬನಶಂಕರಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಒಬ್ಬನೇ ಕಾರಿನಲ್ಲಿ ಹೋಗಿಬರುತ್ತಿದ್ದೆ. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಹಳದಿ ಮೆಟ್ರೊ ಶುರುವಾದ ಮೇಲೆ ಕೆಲಸಕ್ಕೆ ಅದರಲ್ಲೇ ಹೋಗುತ್ತೇನೆ. ಕಾರು ಈಗ ಆಸ್ಪತ್ರೆಗೆ, ಊರಿಗೆ, ಅಮ್ಮನನ್ನು ಕರೆದೊಯ್ಯುವುದಕ್ಕೆ. ನೀವು ಒಬ್ಬರೇ ಹೋಗುವ ದಾರಿಯಲ್ಲಿ ಮೆಟ್ರೊ ಇದ್ದರೆ ದಯವಿಟ್ಟು ಕಾರನ್ನು ಮನೆಯಲ್ಲೇ ಬಿಡಿ. ಬಸ್ಸಿನಲ್ಲಿ ನಿಂತು ಬರುವವರಿಗೆ ಆ ರಸ್ತೆ ನಮಗಿಂತ ಹೆಚ್ಚು ಬೇಕಾಗಿದೆ.