ಮೀನಿನ ತೊಟ್ಟಿಯಲ್ಲಿ ಒಡೆದ ಉಷ್ಣಮಾಪಕ

ಮನೆಯಲ್ಲಿ ಗಾಜಿನ ತೊಟ್ಟಿಯನ್ನಿಟ್ಟು ಅಲಂಕಾರದ ಮೀನುಗಳನ್ನು ಸಾಕುವವರು ನೀರಿನ ಶಾಖವನ್ನು ತಿಳಿಯುವುದಕ್ಕಾಗಿ ಅದರಲ್ಲಿ ಗಾಜಿನ ಉಷ್ಣಮಾಪಕವನ್ನು ಇಳಿಬಿಡುವುದುಂಟು. ತೊಟ್ಟಿಯನ್ನು ಶುಚಿಮಾಡುವಾಗ ಕೈ ತಗುಲಿಯೋ ಕಲ್ಲು ಉರುಳಿಯೋ ಈ ನಳಿಕೆಯು ಒಡೆಯುವುದು ಅಪರೂಪವಲ್ಲ. ಆಗ ಕೆಲವರು ಗಾಬರಿಯಿಂದ ನೀರನ್ನೆಲ್ಲ ಚೆಲ್ಲಿ, ಮರಳನ್ನು ತೊಳೆದು, ಮೀನುಗಳನ್ನು ಆಗತಾನೆ ಹಿಡಿದ ನಲ್ಲಿನೀರಿಗೆ ಬಿಡುವರು. ಮತ್ತೆ ಕೆಲವರು ಮೀನು ಸಾಯಲಿಲ್ಲವೆಂದು ಸುಮ್ಮನಿರುವರು. ನಳಿಕೆಯೊಳಗಿದ್ದ ದ್ರವವು ಯಾವುದೆಂಬುದನ್ನು ಅರಿಯದೆ ಮಾಡಿದರೆ ಎರಡೂ ತಪ್ಪೇ.

ಯಾವ ಪಕ್ಷದಲ್ಲಾಗಲಿ, ನೀರಿಗೆ ಕೈಯಿಡುವ ಮೊದಲು ವಿದ್ಯುತ್ತಿನಿಂದ ನಡೆಯುವ ಎಲ್ಲ ಸಾಧನಗಳ ಪ್ಲಗ್ಗುಗಳನ್ನೂ ಕಿತ್ತಿಡತಕ್ಕದ್ದು. ನೀರು ಕಾಯಿಸುವ ಗಾಜಿನ ನಳಿಕೆಯೇ ಒಡೆದಿದ್ದರಂತೂ ಇದಕ್ಕೆ ಕ್ಷಣವೂ ತಡಮಾಡಕೂಡದು.

ದ್ರವವು ಕೆಂಪಾಗಿಯೋ ನೀಲಿಯಾಗಿಯೋ ಇದ್ದರೆ ಅದು ಸಾಮಾನ್ಯವಾಗಿ ಬಣ್ಣ ಬೆರೆಸಿದ ಮದ್ಯಸಾರ ಅಥವಾ ಸೀಮೆಎಣ್ಣೆಯ ಜಾತಿಯ ಎಣ್ಣೆ. ಅದರ ಪ್ರಮಾಣವು ಕೆಲವೇ ಹನಿಗಳಾದುದರಿಂದ ೫೦ ಲೀಟರ್ ನೀರಿನಲ್ಲಿ ಅದು ಬಹಳ ತೆಳುವಾಗಿ ಹೋಗುವುದು. ಎಣ್ಣೆಯು ಮೇಲೆ ತೇಲಿದರೆ ಬರಿಯ ಕಾಗದವನ್ನು ನೀರಿನ ಮೇಲೆ ಹಾಸಿ ಹೀರಿಸಿ ತೆಗೆಯಬಹುದು. ಗಾಜಿನ ಚೂರುಗಳನ್ನೂ, ನಳಿಕೆಯು ನೆಟ್ಟಗೆ ನಿಲ್ಲುವಂತೆ ಅದರ ಬುಡದಲ್ಲಿ ತುಂಬಿರುವ ಸಣ್ಣ ಗುಂಡುಗಳನ್ನೂ ಹುಡುಕಿ ತೆಗೆಯತಕ್ಕದ್ದು. ಈ ಗುಂಡುಗಳು ಕಬ್ಬಿಣದವಾದರೆ ಅಯಸ್ಕಾಂತಕ್ಕೆ ಅಂಟಿ ಬರುವುವು; ಸೀಸದವಾದರೆ ಮೃದುವಾದ ಆಮ್ಲಯುಕ್ತ ನೀರಿನಲ್ಲಿ ಮೆಲ್ಲಮೆಲ್ಲನೆ ಕರಗುವುವು. ತಳದಲ್ಲಿ ಮೇಯುವ ಮೀನುಗಳ ಮೀಸೆಗಳಿಗೆ ಗಾಜಿನ ಚೂರು ಗಾಯಮಾಡುವುದು. ಸೈಫನ್ ನಳಿಕೆಯನ್ನು ಬಾಯಿಂದ ಎಳೆಯದೆ ನೀರು ತುಂಬಿ ಹೂಡುವುದೇ ಕ್ಷೇಮ.

ಬಳಿಕ ನೀರಿನ ಮೂರನೆಯ ಒಂದು ಪಾಲನ್ನು, ಕ್ಲೋರಿನ್ ಕಳೆದ ಅಷ್ಟೇ ಶಾಖದ ನೀರಿನಿಂದ ಬದಲಿಸಿದರೆ ಸಾಕು. ಮೀನಿನ ಮಲದಿಂದಾಗುವ ಅಮೋನಿಯವನ್ನು ನೈಟ್ರೇಟಾಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಮರಳಿನಲ್ಲಿಯೂ ಫಿಲ್ಟರಿನಲ್ಲಿಯೂ ನೆಲೆಸಿರುವುವು. ಎಲ್ಲವನ್ನೂ ನಲ್ಲಿನೀರಿನಲ್ಲಿ ತೊಳೆದರೆ ಇವು ನಾಶವಾಗಿ, ಉಷ್ಣಮಾಪಕದಿಂದ ಉಳಿದ ಮೀನು ಅಮೋನಿಯದಿಂದ ಸಾಯುವುದು. ನೀರಿನ ಬಣ್ಣವನ್ನು ಸಕ್ರಿಯ ಇದ್ದಲು ಹೀರಿಕೊಳ್ಳುವುದು. ಕೆಲಸ ಮುಗಿದೊಡನೆ ಫಿಲ್ಟರನ್ನು ಮತ್ತೆ ನಡೆಸಿ, ಮೀನುಗಳು ಮೇಲಕ್ಕೆ ಬಂದು ಬಾಯಿಬಿಡುತ್ತಿದ್ದರೆ ಹೆಚ್ಚು ಗಾಳಿಯನ್ನು ಊದಿಸಬೇಕು.

ಬೆಳ್ಳಿಯಂತೆ ಹೊಳೆಯುವ ದ್ರವದ ವಿಷಯವೇ ಬೇರೆ. ಪಾದರಸವಲ್ಲದ ಮಿಶ್ರಲೋಹವೂ ಹಾಗೆಯೇ ಹೊಳೆಯುವುದಾದರೂ, ನಿಶ್ಚಯವಾಗಿ ತಿಳಿಯುವವರೆಗೆ ಅದನ್ನು ಪಾದರಸವೆಂದೇ ಭಾವಿಸತಕ್ಕದ್ದು. ಪಾದರಸವು ನೀರಿಗಿಂತ ಹದಿಮೂರುವರೆ ಪಾಲು ಭಾರವಾದುದರಿಂದ ಮಣಿಮಣಿಯಾಗಿ ಒಡೆದು ಮರಳಿನೊಳಕ್ಕೆ ಇಳಿಯುವುದು. ಅದು ನೀರಿನಲ್ಲಿ ಅತ್ಯಲ್ಪವಾಗಿ ಮಾತ್ರ ಕರಗುವುದರಿಂದ ಮೀನುಗಳು ಅಂದೇ ಸಾಯವು. ಜನರು ಮೋಸಹೋಗುವುದು ಇಲ್ಲಿಯೇ. ತಳದ ಕೆಸರಿನ ಸೂಕ್ಷ್ಮಜೀವಿಗಳು ಪಾದರಸವನ್ನು ಮಿಥೈಲ್ ಪಾದರಸವಾಗಿ ಮಾರ್ಪಡಿಸಬಲ್ಲವು, ಅದು ಮೀನಿನ ಮೈಯಲ್ಲಿ ಕೂಡಿಕೊಳ್ಳುವುದು. ೧೯೫೬ರಲ್ಲಿ ಜಪಾನಿನ ಮಿನಮಾಟದಲ್ಲಿ ಬೆಳಕಿಗೆ ಬಂದ ವ್ಯಾಧಿಗೆ, ಕಾರ್ಖಾನೆಯಿಂದ ಕೊಲ್ಲಿಗೆ ಹರಿದು ಮೀನುಗಳನ್ನು ಸೇರಿದ ಈ ವಿಷವೇ ಕಾರಣ. ಮನೆಯ ತೊಟ್ಟಿಯಲ್ಲಿನ ಪ್ರಮಾಣವು ಅದಕ್ಕೆ ಹೋಲಿಸಲಾರದಷ್ಟು ಸ್ವಲ್ಪ. ಮನೆಯವರಿಗೆ ಹೆಚ್ಚಿನ ಅಪಾಯವು ನೆಲಕ್ಕೆ ಬಿದ್ದ ಮಣಿಗಳಿಂದ ಏಳುವ ಆವಿಯಿಂದ; ಅದರಲ್ಲಿಯೂ ಅಂಬೆಗಾಲಿಡುವ ಮಕ್ಕಳಿಗೆ.

ಆದಕಾರಣ ಮಕ್ಕಳನ್ನು ದೂರವಿರಿಸಿ, ಕಿಟಕಿಗಳನ್ನು ತೆರೆದು, ಮೀನುಗಳನ್ನು ತೊಟ್ಟಿಯ ಮೇಲ್ಭಾಗದಿಂದ ಮೆಲ್ಲನೆ ಮೊಗೆದ ನೀರಿನೊಡನೆ ಬೇರೆ ಪಾತ್ರೆಗೆ ಸೇರಿಸಬೇಕು. ಚಿನ್ನವು ಪಾದರಸದೊಡನೆ ಬೆರೆಯುವುದರಿಂದ ಉಂಗುರ ಬಳೆಗಳನ್ನು ತೆಗೆದಿಟ್ಟು, ರಬ್ಬರಿನ ಕೈಚೀಲ ತೊಟ್ಟು, ಕಾಣುವ ಮಣಿಗಳನ್ನು ಔಷಧಿಯ ಹನಿನಳಿಕೆಯಿಂದ ಹೀರಿ, ಸ್ವಲ್ಪ ನೀರಿರುವ ಸೀಸೆಯಲ್ಲಿ ಹಾಕಿ ಬಿರಟೆಯನ್ನು ಬಿಗಿಯತಕ್ಕದ್ದು. ಮರಳನ್ನು ಉಳಿಸಿಕೊಳ್ಳುವ ಆಸೆಯನ್ನು ಬಿಟ್ಟು, ಅದನ್ನೂ ಮುಚ್ಚಳವಿರುವ ಡಬ್ಬದಲ್ಲಿ ತುಂಬಿಡಬೇಕು. ಪೊರಕೆಯಾಗಲಿ ಧೂಳು ಹೀರುವ ಯಂತ್ರವಾಗಲಿ ಕೂಡದು; ಅವು ಮಣಿಗಳನ್ನು ಒಡೆದು ಆವಿಯನ್ನು ಹೆಚ್ಚಿಸುವುವು. ಮೀನುತೊಟ್ಟಿಯ ಹಳೆಯ ನೀರನ್ನು ಗಿಡಗಳಿಗೆ ಹಾಕುವುದು ಒಳ್ಳೆಯ ಪದ್ಧತಿಯೇ ಸರಿ. ಆದರೆ ಪಾದರಸ ಬಿದ್ದ ನೀರು ತರಕಾರಿಯ ಮಡಿಗಾಗಲಿ ಗೊಬ್ಬರದ ಗುಂಡಿಗಾಗಲಿ ಬಚ್ಚಲಿಗಾಗಲಿ ಸಲ್ಲದು. ಒಡೆದ ಪಾದರಸದ ಉಷ್ಣಮಾಪಕವನ್ನು ೨೦೧೬ರ ಘನತ್ಯಾಜ್ಯ ನಿಯಮಗಳು ಮನೆಯ ಅಪಾಯಕರ ತ್ಯಾಜ್ಯಗಳಲ್ಲಿ ಸೇರಿಸಿದುವು. ಆದುದರಿಂದ ಸೀಸೆ ಡಬ್ಬಗಳ ಮೇಲೆ ಒಳಗಿರುವ ವಸ್ತುವಿನ ಹೆಸರನ್ನು ಬರೆದು ಅಂಟಿಸಿ, ಅಂಥ ತ್ಯಾಜ್ಯವನ್ನು ಸ್ವೀಕರಿಸುವ ಸ್ಥಳವನ್ನು ಪುರಸಭೆ ಅಥವಾ ಪಂಚಾಯಿತಿಯಲ್ಲಿ ವಿಚಾರಿಸಿ ಅಲ್ಲಿಗೇ ಒಪ್ಪಿಸತಕ್ಕದ್ದು.