ಅತ್ತೆಯವರ ಮೂಗಿಗೆ ಬಡಿದ ವಾಸನೆ

ಪ್ರಶ್ನೆ: ನಮ್ಮದು ಹೊಗೆಸೊಪ್ಪಿನ ಬೇಸಾಯ. ನಮ್ಮ ಯಜಮಾನರಿಗೆ 42 ವರ್ಷ. ತಿಂಗಳಿಂದ ಅವರ ಬಾಯಲ್ಲಿ ಕೊಳೆತ ಹಣ್ಣಿನಂಥ ವಾಸನೆ. ಕುಡಿದು ಬಂದಿದ್ದಾನೆ ಅಂತ ಅತ್ತೆ ದಿನಾ ರಂಪ ಮಾಡ್ತಾರೆ. ಯಜಮಾನರು ಹೆಂಡ ಮುಟ್ಟುವವರಲ್ಲ. ತೂಕ ಇಳಿದಿದೆ, ರಾತ್ರಿಯೆಲ್ಲ ಎದ್ದೆದ್ದು ನೀರು ಕುಡೀತಾರೆ. ಸೂಜಿ ಅಂದರೆ ಹೆದರಿಕೆ. ಊದಿದರೆ ಕಾಯಿಲೆ ಹೇಳೋ ಯಂತ್ರ ಬರುತ್ತಂತೆ, ಅಲ್ಲಿವರೆಗೆ ಕಾಯೋಣ ಅಂತಾನೆ ಮಗ.
– ಪಿರಿಯಾಪಟ್ಟಣ ತಾಲ್ಲೂಕಿನ ಓದುಗರು

ಉತ್ತರ: ಕಾಯಬೇಡಿ ತಾಯಿ. ಇವತ್ತೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬೆರಳ ತುದಿಯ ಒಂದು ಹನಿ ರಕ್ತ ಸಾಕು, ನಿಮಿಷದೊಳಗೆ ಸಕ್ಕರೆಯ ಅಂಕಿ ಗೊತ್ತಾಗುತ್ತದೆ. ಇಂಥ ಲಕ್ಷಣಗಳಿದ್ದು ಅಂಕಿ 200 ದಾಟಿದ್ದರೆ ಸಕ್ಕರೆ ಕಾಯಿಲೆ ಅಂತಲೇ ಲೆಕ್ಕ. ಮೂತ್ರದಲ್ಲಿ ಕೀಟೋನ್ ಇದೆಯೇ ಎಂದೂ ನೋಡಲು ಹೇಳಿ. ಅದಕ್ಕೆ ಸೂಜಿ ಬೇಡ.

ಇನ್ಸುಲಿನ್ ಸಾಲದಾದಾಗ ಮೈಗೆ ಸಕ್ಕರೆ ದಕ್ಕುವುದಿಲ್ಲ, ದೇಹ ಕೊಬ್ಬನ್ನು ಉರಿಸತೊಡಗುತ್ತದೆ. ಆಗ ಹುಟ್ಟುವ ಕೀಟೋನ್‌ಗಳಲ್ಲಿ ಒಂದಾದ ಅಸಿಟೋನ್ ಬೇಗ ಆವಿಯಾಗುವಂಥದ್ದು, ಉಸಿರಿನ ಜೊತೆ ಹೊರಬೀಳುತ್ತದೆ. ಉಗುರುಬಣ್ಣ ಅಳಿಸುವ ದ್ರವದಲ್ಲೂ ಅದೇ ಇರುವುದು. ಇದನ್ನು ಹೆಂಡದ ವಾಸನೆ ಅಂದುಕೊಂಡವರಲ್ಲಿ ನಿಮ್ಮತ್ತೆ ಮೊದಲಿಗರಲ್ಲ.

ಮಗ ಹೇಳಿದ್ದು ಪೂರ್ತಿ ಸುಳ್ಳಲ್ಲ. ನಮ್ಮ ಉಸಿರಲ್ಲಿ ಸುಮಾರು 250 ಬಗೆಯ ವಸ್ತುಗಳಿವೆ ಎಂದು ರಸಾಯನ ವಿಜ್ಞಾನಿ ಲೈನಸ್ ಪಾಲಿಂಗ್ 1971ರಲ್ಲೇ ತೋರಿಸಿದ್ದರು. ಹೊಟ್ಟೆ ಹುಣ್ಣಿಗೆ ಕಾರಣವಾಗುವ ಬ್ಯಾಕ್ಟೀರಿಯಾ ಪತ್ತೆಗೆ ಉಸಿರು ಪರೀಕ್ಷೆ ಈಗಾಗಲೇ ಬಳಕೆಯಲ್ಲಿದೆ. ಮಾಸ್ಕ್‌ನಲ್ಲಿ ಹಿಡಿದ ಉಸಿರನ್ನು ನಾಯಿಗೆ ಮೂಸಿಸಿ ಕ್ಯಾನ್ಸರ್ ಸುಳಿವು ಹುಡುಕುವ ಕೆಲಸ ಬೆಂಗಳೂರಿನ ಡಾಗ್ನೋಸಿಸ್ ಸಂಸ್ಥೆಯಲ್ಲಿ ನಡೆದಿದೆ. ಆದರೆ ಸಕ್ಕರೆಯ ವಿಷಯದಲ್ಲಿ ಇವತ್ತಿಗೂ ರಕ್ತದ್ದೇ ತೀರ್ಪು. ಅಸಿಟೋನ್ ಉಪವಾಸವಿದ್ದವರ ಉಸಿರಲ್ಲೂ ಏರುತ್ತದೆ. ಸಕ್ಕರೆ ಕಾಯಿಲೆಯಿದ್ದೂ ವಾಸನೆಯೇ ಇಲ್ಲದವರು ಬೇಕಾದಷ್ಟು ಜನ. ಮೇಲಾಗಿ, ರಾತ್ರಿಯಿಡೀ ಸೊಪ್ಪು ಒಣಗಿಸುವ ಬ್ಯಾರನ್ ಬೆಂಕಿ ಕಾಯುವವರ ಉಸಿರಿನಲ್ಲಿ ಸೌದೆ ಹೊಗೆಯೂ ಸೇರಿರುತ್ತದೆ. ಯಂತ್ರವನ್ನು ದಾರಿ ತಪ್ಪಿಸಲು ಅಷ್ಟು ಸಾಕು.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯವರಿಗೆ ಇನ್ನೊಂದು ಮಾತು. ಮಳೆಯಲ್ಲಿ ನೆನೆದ ಸೊಪ್ಪು ಮುರಿದ ದಿನ ನಿಕೋಟಿನ್ ಚರ್ಮದ ಮೂಲಕ ಒಳಗಿಳಿದು ವಾಂತಿ, ತಲೆಸುತ್ತು ಬರುವುದುಂಟು. ನಿಂಬೆಹಣ್ಣಿನ ಪಾನಕ ಕುಡಿಸಿ ಮಲಗಿಸಿಬಿಡುತ್ತೀರಿ. ನಿಮ್ಮ ಯಜಮಾನರಿಗೆ ವಾಂತಿ, ಹೊಟ್ಟೆನೋವು, ಏದುಸಿರು, ಮಂಪರು ಕಂಡರೆ ಸೊಪ್ಪಿನ ಮೇಲೆ ಹೊರಿಸಬೇಡಿ. ಪಾನಕವೂ ಬೇಡ, ಆ ಕ್ಷಣವೇ 108ಕ್ಕೆ ಕರೆ ಮಾಡಿ. ಅಸಿಟೋನ್ ವಾಸನೆಯ ಜೊತೆ ಇವು ಸೇರಿದರೆ ಗಂಟೆಗಳ ಲೆಕ್ಕದಲ್ಲಿ ಜೀವಕ್ಕೆ ಅಪಾಯ.

ಅತ್ತೆಯವರ ಮೇಲೆ ಮುನಿಸು ಬೇಡ. ಅವರ ಮೂಗಿಗೆ ಬಡಿದದ್ದು ನಿಜ, ಕಟ್ಟಿದ ಹೆಸರು ತಪ್ಪು. ರಿಪೋರ್ಟ್ ಬಂದ ಮೇಲೆ ಮಗನೇ ಅವರ ಪಕ್ಕ ಕೂತು ಓದಿ ಹೇಳಲಿ.